ಕಾರಿನ ಕಾಗದ, ಕಾರಿನ ಗಾಲಿ

ಅಪಘಾತಕ್ಕೆ ಸಿಕ್ಕ ಕಾರನ್ನು ಪರೀಕ್ಷಿಸಿ, ಎಲ್ಲೆಲ್ಲಿ ಪೆಟ್ಟು ಬಿದ್ದಿದೆ, ರಿಪೇರಿಗೆ ಎಷ್ಟು ಬೀಳುತ್ತದೆ ಎಂದು ಲೆಕ್ಕ ಬರೆದುಕೊಡುವುದು ನನ್ನ ಕಸುಬು. ಸರ್ವೇಯರ್ ಅನ್ನುತ್ತಾರೆ. ಮನೆ ಇರುವುದು ಹಾಸನದಲ್ಲಿ. ಆದರೆ ಇಪ್ಪತ್ತು ವರ್ಷಕ್ಕೂ ಮೇಲೆ ನನ್ನ ದಿನಗಳು ಕಳೆದಿರುವುದು ಸಕಲೇಶಪುರ, ಬೇಲೂರು, ಚನ್ನರಾಯಪಟ್ಟಣದ ಗ್ಯಾರೇಜುಗಳಲ್ಲಿ, ಪೊಲೀಸ್ ಠಾಣೆಗಳ ಅಂಗಳದಲ್ಲಿ, ಒಮ್ಮೊಮ್ಮೆ ಹೆದ್ದಾರಿ ಪಕ್ಕದ ಚರಂಡಿಯಲ್ಲಿ.

ನಾನು ಹೋದಾಗ ಕಾರಿನ ಪಕ್ಕದಲ್ಲಿ ಅದರ ಮಾಲೀಕರು ನಿಂತಿರುತ್ತಾರೆ. ಬಾನೆಟ್ ಎತ್ತುವ ಮೊದಲು ನಾನು ಮೂರು ಕಾಗದ ಕೇಳುತ್ತೇನೆ: ಆರ್‌ಸಿ, ಇನ್ಶೂರೆನ್ಸ್ ಪಾಲಿಸಿ, ಗಾಡಿ ಓಡಿಸುತ್ತಿದ್ದವರ ಡಿಎಲ್. ಆಮೇಲೆ ಬಗ್ಗಿ ನಾಲ್ಕೂ ಟೈರು ನೋಡುತ್ತೇನೆ. ಕಾಗದ ಬೇರೆ, ಗಾಡಿ ಬೇರೆ ಎಂದು ಬಹಳ ಜನ ತಿಳಿದಿದ್ದಾರೆ. ಕಾಗದ ಪೊಲೀಸರಿಗೆ, ಗಾಡಿ ಮೆಕ್ಯಾನಿಕ್‌ಗೆ ಎನ್ನುವ ಲೆಕ್ಕ. ಆ ಲೆಕ್ಕ ತಪ್ಪು. ಅವೆರಡೂ ಒಟ್ಟಿಗೇ ಕೈಕೊಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅದಕ್ಕೇ ಈ ಮಾತು ಆಡಬೇಕೆನಿಸಿತು.

ಒಂದು ಪ್ರಸಂಗ ಹೇಳುತ್ತೇನೆ. ನಿವೃತ್ತಿಯಾದ ಮೇಷ್ಟ್ರೊಬ್ಬರು. ನಿವೃತ್ತಿಯ ಹಣದಲ್ಲಿ ಮೊದಲ ಬಾರಿಗೆ ಹೊಸ ಕಾರು ಕೊಂಡಿದ್ದರು. ಕೊಂಡು ಹದಿನಾಲ್ಕು ತಿಂಗಳಾಗಿತ್ತು. ರಾತ್ರಿ ಮದುವೆ ಮುಗಿಸಿ ಬರುವಾಗ, ಹಿಂದೆ ಒಂದು ದೀಪವೂ ಇಲ್ಲದೆ ಕಬ್ಬು ಹೇರಿಕೊಂಡು ಹೋಗುತ್ತಿದ್ದ ಟ್ರ್ಯಾಕ್ಟರ್ ಟ್ರೈಲರಿಗೆ ಗುದ್ದಿದರು. ದೇವರ ದಯೆ, ಯಾರಿಗೂ ಪ್ರಾಣಾಪಾಯ ಆಗಲಿಲ್ಲ. ಕಾರಿನ ಮುಂಭಾಗ ಮಾತ್ರ ಪೂರ್ತಿ ಒಳಕ್ಕೆ ಹೋಗಿತ್ತು. ರೇಡಿಯೇಟರ್ ಒಡೆದು ಹಸಿರು ಕೂಲಂಟ್ ನೆಲದಲ್ಲಿ ಹರಿದು ಒಣಗಿತ್ತು. ಮೇಷ್ಟ್ರು ಧೈರ್ಯವಾಗಿಯೇ ಇದ್ದರು. "ಶೋರೂಮಿನಲ್ಲೇ ಮೂರು ವರ್ಷದ ಇನ್ಶೂರೆನ್ಸ್ ಕಟ್ಟಿದ್ದೀನಿ ಸಾರ್, ಏನೂ ತೊಂದರೆ ಇಲ್ಲ" ಅಂದರು. ಪಾಲಿಸಿಯ ಮೊದಲ ಪುಟ ತೆಗೆದು ನೋಡಿದೆ. ಅದರಲ್ಲಿ ಎರಡು ತಾರೀಖು ಇದ್ದವು. ಥರ್ಡ್ ಪಾರ್ಟಿ ಮೂರು ವರ್ಷದವರೆಗೆ. ತಮ್ಮ ಸ್ವಂತ ಕಾರಿನ ಹಾನಿಗೆ ಒಂದೇ ವರ್ಷ. ಅದು ಮುಗಿದು ಎರಡು ತಿಂಗಳಾಗಿತ್ತು.

ಅವರಿಗೆ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ ಕ್ಷಣ ನನಗೆ ಇನ್ನೂ ನೆನಪಿದೆ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. ಏನೂ ಮಾತಾಡಲಿಲ್ಲ. ರಿಪೇರಿಯ ಅಷ್ಟೂ ದುಡ್ಡನ್ನು ಅವರೇ ಕಟ್ಟಬೇಕಾಯಿತು.

ಹೀಗೆ ಯಾಕಾಗುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ರಸ್ತೆಯಲ್ಲಿ ಓಡುವ ಪ್ರತಿ ಮೋಟಾರು ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಇರಲೇಬೇಕು ಎನ್ನುತ್ತದೆ 1988ರ ಮೋಟಾರು ವಾಹನ ಕಾಯಿದೆಯ 146ನೆಯ ಕಲಂ. ಹಾಗಿದ್ದರೂ ಮೊದಲ ವರ್ಷ ಕಟ್ಟಿ ಆಮೇಲೆ ಬಿಟ್ಟುಬಿಡುವವರೇ ಹೆಚ್ಚಾದರು. ಅವರ ಗಾಡಿ ಬಡಿದು ಸತ್ತವರ ಮನೆಯವರಿಗೆ ಪರಿಹಾರ ಕೊಡುವವರೇ ಇಲ್ಲವಾಯಿತು. ಇದನ್ನು ನೋಡಿ ಸುಪ್ರೀಂ ಕೋರ್ಟು 2018ರ ಜುಲೈನಲ್ಲಿ ಒಂದು ಆದೇಶ ಮಾಡಿತು. ಅದರ ಪ್ರಕಾರ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರು ಕೊಳ್ಳುವಾಗಲೇ 3 ವರ್ಷದ, ಹೊಸ ಬೈಕು ಕೊಳ್ಳುವಾಗಲೇ 5 ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೆ ಕಟ್ಟಬೇಕು. ನಮ್ಮ ಕಾರಿನ ಸ್ವಂತ ಹಾನಿಯ ಭಾಗಕ್ಕೆ ಈ ಕಡ್ಡಾಯ ಇಲ್ಲ. ಅದು ಸಾಮಾನ್ಯವಾಗಿ ವರ್ಷದಿಂದ ವರ್ಷಕ್ಕೆ. ಒಂದೇ ಕಾಗದದಲ್ಲಿ ಎರಡು ಗಡುವು. ಮಾರುವವರು ಇದನ್ನು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ನಾವೇ ಕೇಳಬೇಕು.

ಈ ಥರ್ಡ್ ಪಾರ್ಟಿ ಎಂಬ ಮಾತನ್ನೇ ನಾವು ಸರಿಯಾಗಿ ಅರ್ಥ ಮಾಡಿಕೊಂಡಿಲ್ಲ ಎಂದು ನನಗೆ ಬಲವಾಗಿ ಅನಿಸುತ್ತದೆ. ಮೊದಲನೆಯ ಪಾರ್ಟಿ ನಾವು, ಎರಡನೆಯದು ವಿಮಾ ಕಂಪನಿ, ಮೂರನೆಯವರು ಯಾರೋ ಗುರುತಿಲ್ಲದ ಮನುಷ್ಯ. ಬೆಳಗ್ಗೆ ಡೈರಿಗೆ ಹಾಲು ಹಾಕಲು ಸೈಕಲ್ಲಿನಲ್ಲಿ ಹೊರಟವರು. ಶಾಲೆ ಬಿಟ್ಟು ರಸ್ತೆ ದಾಟುವ ಹುಡುಗಿ. ಅವರಿಗೆ ನಮ್ಮಿಂದ ಏನಾದರೂ ಆದರೆ ಅವರ ಮನೆ ನಿಲ್ಲುವಂತೆ ನೋಡಿಕೊಳ್ಳುವ ದುಡ್ಡು ಅದು. ಸಾವು, ಗಾಯಕ್ಕೆ ಸಂಬಂಧಿಸಿದಂತೆ ಆ ಪಾಲಿಸಿಯಲ್ಲಿ ಇಷ್ಟೇ ಎಂಬ ಮಿತಿ ಇಲ್ಲ. ಸತ್ತವರ ವಯಸ್ಸು, ಸಂಪಾದನೆ, ಅವರನ್ನು ನಂಬಿದವರು ಎಷ್ಟು ಜನ ಎಂಬುದನ್ನೆಲ್ಲ ನೋಡಿ ಕೋರ್ಟು ಪರಿಹಾರ ಗೊತ್ತುಮಾಡುತ್ತದೆ. ಆಸ್ತಿಪಾಸ್ತಿಯ ಹಾನಿಗಾದರೆ ಖಾಸಗಿ ಕಾರಿಗೆ 7.5 ಲಕ್ಷ ರೂಪಾಯಿಯ ಮಿತಿ ಉಂಟು.

ಇದಕ್ಕೆ ಕಟ್ಟುವ ಹಣವನ್ನು ಕಂಪನಿಗಳು ಮನಸ್ಸಿಗೆ ಬಂದಂತೆ ಇಡುವ ಹಾಗಿಲ್ಲ, ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ 1000 ಸಿಸಿಯಿಂದ 1500 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ. ತೆರಿಗೆ ಬಿಟ್ಟರೆ ದಿನಕ್ಕೆ ಹತ್ತು ರೂಪಾಯಿಯೂ ಬೀಳುವುದಿಲ್ಲ. "ಪೊಲೀಸರು ಹಿಡಿದರೆ ತೋರಿಸೋಕೆ ಒಂದು ಕಾಗದ ಇದ್ದರಾಯ್ತು ಬಿಡಿ" ಎಂದು ಯಾರಾದರೂ ಅಂದಾಗ ನನಗೆ ಸಂಕಟವಾಗುತ್ತದೆ. ಪೊಲೀಸರಿಗೂ ಆ ಕಾಗದಕ್ಕೂ ಸಂಬಂಧ ಬಹಳ ಕಡಿಮೆ. ಅದು ಹಾಲಿನ ಕ್ಯಾನು ತೂಗಿಸಿಕೊಂಡು ಸೈಕಲ್ಲು ತುಳಿಯುವವರ ಹೆಂಡತಿ ಮಕ್ಕಳಿಗೆ ಸೇರಿದ್ದು.

ಈಗ ಡಿಎಲ್ ವಿಚಾರಕ್ಕೆ ಬರೋಣ.

ಹದಿನೆಂಟು ತುಂಬಿದ ಮೇಲೆ ಕಲಿಯುವವರ ಲೈಸೆನ್ಸ್, ಅಂದರೆ ಎಲ್‌ಎಲ್‌ಆರ್. ಅದರ ಅವಧಿ 6 ತಿಂಗಳು. ಪಡೆದು 30 ದಿನ ಕಳೆಯದೆ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗುವಂತಿಲ್ಲ. ಕಲಿಯುವಾಗ ಗಾಡಿಯ ಹಿಂದೆ ಮುಂದೆ ಕೆಂಪು ಎಲ್ ಅಕ್ಷರ ಇರಬೇಕು, ಲೈಸೆನ್ಸ್ ಇರುವವರು ಪಕ್ಕದಲ್ಲಿ ಕೂತಿರಬೇಕು. ಈ ಮೂವತ್ತು ದಿನ ಸುಮ್ಮನೆ ಕಳೆಯಲು ಕೊಟ್ಟದ್ದಲ್ಲ. ಎಂಟು ಆಕಾರದಲ್ಲಿ ಒಂದು ಸುತ್ತು, ಎಚ್ ಆಕಾರದಲ್ಲಿ ಒಂದು ರಿವರ್ಸ್ ಕಲಿತರೆ ಪರೀಕ್ಷೆ ಪಾಸಾಗಬಹುದು. ಆದರೆ ಎದುರಿನಿಂದ ಬರುವ ಲಾರಿ ಹೈಬೀಮ್ ಹಾಕಿದಾಗ ಕಣ್ಣನ್ನು ಎಡಗಡೆಯ ಬಿಳಿ ಗೆರೆಯ ಮೇಲೆ ಇಡಬೇಕು ಎಂದು ಆ ಮೈದಾನ ಕಲಿಸುವುದಿಲ್ಲ. ಜಡಿಮಳೆಯಲ್ಲಿ ಎಷ್ಟು ದೂರದಿಂದ ಬ್ರೇಕ್ ಒತ್ತಬೇಕು ಎಂದೂ ಕಲಿಸುವುದಿಲ್ಲ. ನನ್ನ ಮಗಳಿಗೆ ಡಿಎಲ್ ಬಂದ ಮೇಲೆ ನಾನು ಆರು ತಿಂಗಳು ಅವಳ ಪಕ್ಕದ ಸೀಟಿನಲ್ಲಿ ಕೂತಿದ್ದೆ. ಹಗಲು, ರಾತ್ರಿ, ಮಳೆ, ಮಂಜು ಎಲ್ಲದರಲ್ಲೂ. ಒಬ್ಬಳನ್ನೇ ಕಳಿಸಿದ್ದು ಆಮೇಲೆ. ಸ್ಟಿಯರಿಂಗ್ ಹಿಡಿಯದೆಯೇ ಏಜೆಂಟರ ಕೈಯಲ್ಲಿ ಲೈಸೆನ್ಸ್ ಮಾಡಿಸಿಕೊಳ್ಳುವವರು ತಮಗೆ ತಾವೇ ಬಹಳ ದೊಡ್ಡ ಅನ್ಯಾಯ ಮಾಡಿಕೊಳ್ಳುತ್ತಿದ್ದಾರೆ.

ಅದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ಒಮ್ಮೆ ಬೇಲೂರು ರಸ್ತೆಯಲ್ಲಿ ಮರಕ್ಕೆ ಗುದ್ದಿದ ಕಾರೊಂದನ್ನು ನೋಡಲು ಹೋಗಿದ್ದೆ. ಮಾಲೀಕರು ಆರಡಿ ಎತ್ತರದ ಆಳು. "ನಾನೇ ಓಡಿಸುತ್ತಿದ್ದೆ" ಎಂದು ಬರೆದುಕೊಟ್ಟಿದ್ದರು. ಬಾಗಿಲು ತೆಗೆದು ನೋಡಿದರೆ ಡ್ರೈವರ್ ಸೀಟು ಪೂರ್ತಿ ಮುಂದಕ್ಕೆ ಎಳೆದಿತ್ತು. ಬೆನ್ನಿಗೆ ಒಂದು ದಿಂಬು ಇಟ್ಟಿತ್ತು. ಒಳಗಿನ ಕನ್ನಡಿ ಕೆಳಕ್ಕೆ ಬಾಗಿತ್ತು. ಆ ಸೀಟಿನಲ್ಲಿ ಅವರ ಮೊಣಕಾಲೇ ತೂರುತ್ತಿರಲಿಲ್ಲ. ಅವರನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದೆ. ಕಣ್ಣಲ್ಲಿ ನೀರು ಹಾಕಿಕೊಂಡರು. ಓಡಿಸಿದ್ದು ಹದಿನಾರು ವರ್ಷದ ಮಗ. ಕೈ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದ. ಅವರು ಕ್ಲೇಮ್ ವಾಪಸ್ ತೆಗೆದುಕೊಂಡರು. ಮಗ ಉಳಿದದ್ದೇ ಸಾಕು ಅಂದರು.

ಕಾನೂನು ಈಗ ಇದರಲ್ಲಿ ಬಹಳ ಬಿಗಿಯಾಗಿದೆ. ಮೋಟಾರು ವಾಹನ ಕಾಯಿದೆಗೆ 2019ರ ತಿದ್ದುಪಡಿಯಲ್ಲಿ ಬಂದ 199ಎ ಕಲಂ ಪ್ರಕಾರ ಹದಿನೆಂಟು ತುಂಬದವರು ಗಾಡಿ ಓಡಿಸಿ ತಪ್ಪು ಮಾಡಿದರೆ ತಪ್ಪಿತಸ್ಥರಾಗುವವರು ಪೋಷಕರು ಅಥವಾ ಗಾಡಿಯ ಮಾಲೀಕರು. 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, 12 ತಿಂಗಳು ಗಾಡಿಯ ನೋಂದಣಿ ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಹಳ್ಳಿಗಳಲ್ಲಿ "ನಮ್ಮ ಹುಡುಗ ಆಗಲೇ ಕಾರು ಓಡಿಸ್ತಾನೆ" ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಅಪ್ಪಂದಿರಿದ್ದಾರೆ. ಅಣ್ಣಂದಿರೇ, ಕೈಮುಗಿದು ಕೇಳುತ್ತೇನೆ, ಕೀಲಿಯನ್ನು ಹುಡುಗರ ಕೈಗೆ ಸಿಗುವ ಮೊಳೆಗೆ ನೇತುಹಾಕಬೇಡಿ.

ದೊಡ್ಡವರ ಡಿಎಲ್‌ಗೂ ಒಂದು ಗಡುವು ಇದೆ. ಖಾಸಗಿ ವಾಹನದ ಲೈಸೆನ್ಸನ್ನು ಮೂವತ್ತರ ಒಳಗೆ ಪಡೆದವರಿಗೆ ಅದು ನಲವತ್ತು ತುಂಬುವವರೆಗೆ ನಡೆಯುತ್ತದೆ. ಮೂವತ್ತರಿಂದ ಐವತ್ತರೊಳಗೆ ಪಡೆದರೆ ಅಥವಾ ನವೀಕರಿಸಿದರೆ 10 ವರ್ಷ. ಐವತ್ತರಿಂದ ಐವತ್ತೈದರೊಳಗಾದರೆ ಅರವತ್ತು ತುಂಬುವವರೆಗೆ. ಅದರಿಂದ ಆಚೆಗೆ ಐದೈದು ವರ್ಷ. ಮೊದಲು ಅವಧಿ ಮುಗಿದ ಮೇಲೂ 30 ದಿನ ಅದು ಚಾಲ್ತಿಯಲ್ಲಿರುತ್ತಿತ್ತು. 2019ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಈಗ ಮುಗಿದ ದಿನಕ್ಕೆ ಮುಗಿಯಿತು. ಬದಲಿಗೆ, ಗಡುವಿಗೆ ಒಂದು ವರ್ಷ ಮುಂಚೆಯೇ ನವೀಕರಣಕ್ಕೆ ಅರ್ಜಿ ಹಾಕುವ ಅವಕಾಶ ಕೊಟ್ಟಿದ್ದಾರೆ. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಪರೀಕ್ಷೆ ಕೊಡಬೇಕು. ಹಳಬರ ಮನಸ್ಸಿನಲ್ಲಿ ಆ ಮೂವತ್ತು ದಿನ ಇನ್ನೂ ಕೂತಿದೆ. ಅದನ್ನು ನಂಬಿ ಗಾಡಿ ತೆಗೆಯಬೇಡಿ.

ನಲವತ್ತು ದಾಟಿದವರು ನವೀಕರಣಕ್ಕೆ ವೈದ್ಯರ ಪ್ರಮಾಣಪತ್ರ ಕೊಡಬೇಕು. ಇದನ್ನು ಬರೀ ಸಹಿ, ಸೀಲಿನ ಕೆಲಸ ಮಾಡಿಕೊಳ್ಳಬೇಡಿ. ನಲವತ್ತೈದರ ಮೇಲೆ ರಾತ್ರಿ ಎದುರಿನ ದೀಪ ಕಣ್ಣಿಗೆ ಹೊಡೆದರೆ ಮತ್ತೆ ರಸ್ತೆ ಕಾಣಲು ಹಿಂದಿಗಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ಆ ಹೊತ್ತು ಎರಡೇ ಸೆಕೆಂಡು ಅನ್ನಿ, ಅಷ್ಟರಲ್ಲಿ ಕಾರು ಎಷ್ಟು ದೂರ ಹೋಗಿರುತ್ತದೆ ಗೊತ್ತೇ? ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದರೆ ಮೂವತ್ಮೂರು ಮೀಟರ್. ಕಣ್ಣಿನ ಡಾಕ್ಟರ ಹತ್ತಿರ ನಿಜವಾಗಿ ಕೂತು ತೋರಿಸಿಕೊಳ್ಳಿ.

ಅವಧಿ ಮುಗಿದ ಲೈಸೆನ್ಸ್ ಇನ್ಶೂರೆನ್ಸನ್ನು ಹೇಗೆ ಅಲ್ಲಾಡಿಸುತ್ತದೆ ನೋಡಿ. ಲೈಸೆನ್ಸ್ ಇಲ್ಲದವರ ಕೈಯಲ್ಲಿ ಅಪಘಾತವಾದರೆ ನಮ್ಮ ಕಾರಿನ ರಿಪೇರಿಗೆ ಕಂಪನಿ ಹಣ ಕೊಡಲು ಒಪ್ಪುವುದಿಲ್ಲ. ಪೆಟ್ಟು ತಿಂದ ಮೂರನೆಯವರ ಕಥೆ? ಅವರನ್ನು ಕೋರ್ಟು ಕೈಬಿಡುವುದಿಲ್ಲ. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಾಕಿಕೊಟ್ಟ ದಾರಿ ಹೀಗಿದೆ: ಇಂಥ ಪ್ರಕರಣಗಳಲ್ಲಿ ಕಂಪನಿ ಮೊದಲು ಗಾಯಾಳುವಿಗೋ ಸತ್ತವರ ಮನೆಯವರಿಗೋ ಹಣ ಕೊಡಲಿ, ಆಮೇಲೆ ಅದನ್ನು ಗಾಡಿಯ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ. ವಸೂಲಿ ಎಂದರೆ ಹತ್ತಾರು ಲಕ್ಷದ ಮಾತು. ತೋಟ, ಮನೆ, ಸೈಟು ಯಾವುದಕ್ಕೂ ಅದು ಬರಬಹುದು. ಇನ್ನು ಮಾಲೀಕ-ಚಾಲಕರಿಗಾಗಿ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇದೆ. ಅದು ಸಿಗಬೇಕಾದರೂ ಮಾಲೀಕರಿಗೆ ಚಾಲ್ತಿಯಲ್ಲಿರುವ ಡಿಎಲ್ ಇರಬೇಕು. ಪ್ರೀಮಿಯಂ ಸರಿಯಾಗಿ ಕಟ್ಟಿ, ಲೈಸೆನ್ಸ್ ನವೀಕರಿಸದೆ ಬಿಟ್ಟವರ ಮನೆಯ ಹೆಂಗಸರಿಗೆ ಈ ಮಾತನ್ನು ನಾನು ಹೇಳಬೇಕಾಗಿ ಬಂದಿದೆ. ನನ್ನ ಕೆಲಸದಲ್ಲಿ ಅದಕ್ಕಿಂತ ಕಷ್ಟದ ಗಳಿಗೆ ಬೇರೆ ಇಲ್ಲ.

ಟ್ಯಾಕ್ಸಿ, ಗೂಡ್ಸ್ ಗಾಡಿ ಓಡಿಸುವ ಅಣ್ಣತಮ್ಮಂದಿರಿಗೆ ಒಂದು ಸಮಾಧಾನದ ಸುದ್ದಿ. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋ ತೂಕದೊಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಬಹಳ ವರ್ಷ, ಸಾರಿಗೆ ವಾಹನಕ್ಕೆ ಬೇರೆ ಲೈಸೆನ್ಸ್ ಇಲ್ಲ ಎಂಬ ಒಂದೇ ಕಾರಣಕ್ಕೆ ಕ್ಲೇಮುಗಳು ನಿಂತುಬಿಡುತ್ತಿದ್ದವು.

ಹಳೆಯ ಕಾರು ಮಾರಿದವರು, ಕೊಂಡವರು ಕೇಳಿ. ನಮ್ಮ ಕಡೆ ಹಣ ಎಣಿಸಿಕೊಂಡು, ಸಹಿ ಹಾಕಿದ ಫಾರಂ ಕೊಟ್ಟು, ಕೀಲಿ ಕೊಟ್ಟರೆ ವ್ಯಾಪಾರ ಮುಗಿಯಿತು ಎನ್ನುತ್ತಾರೆ. ಮುಗಿದಿಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿದೆ. ನೀವು ಮಾರಿದ ಕಾರು ಮೂರು ಕೈ ದಾಟಿ ಎಲ್ಲೋ ಒಬ್ಬರಿಗೆ ಬಡಿದರೆ, ಆರ್‌ಸಿ ನಿಮ್ಮ ಹೆಸರಿನಲ್ಲೇ ಉಳಿದಿದ್ದರೆ, ಕೋರ್ಟಿನ ಕಾಗದ ಬರುವುದು ನಿಮ್ಮ ಮನೆಗೆ. ಕೊಂಡವರಿಗೂ ತೊಂದರೆಯೇ. ಥರ್ಡ್ ಪಾರ್ಟಿ ವಿಮೆ ಗಾಡಿಯ ಜೊತೆಗೇ ಬರುತ್ತದೆ. ಆದರೆ ಸ್ವಂತ ಹಾನಿಯ ವಿಮೆ ಪಾಲಿಸಿಯಲ್ಲಿ ಹೆಸರು ಬದಲಾಗುವವರೆಗೆ ನಿಮ್ಮದಾಗುವುದಿಲ್ಲ. ಅದಕ್ಕೆ 14 ದಿನದೊಳಗೆ ಕಂಪನಿಗೆ ಬರೆದುಕೊಡಬೇಕು. ಇನ್ನೊಂದು ಮಾತು: ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಮೊದಲ ವರ್ಷ ಶೇ. 20, ಐದು ವರ್ಷವಾದರೆ ಶೇ. 50, ಅದು ಕಾರಿನದ್ದಲ್ಲ, ಮಾಲೀಕರದ್ದು. ಕಾರು ಮಾರಿದರೂ ನಿಮ್ಮ ಹೊಸ ಕಾರಿಗೆ ಅದನ್ನು ಒಯ್ಯಬಹುದು. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಮಾತ್ರ ಅಷ್ಟು ವರ್ಷದ ರಿಯಾಯಿತಿ ಕೈಬಿಟ್ಟು ಹೋಗುತ್ತದೆ.

ಕಾಗದ ಸಾಕು, ಗಾಲಿಯ ಹತ್ತಿರ ಹೋಗೋಣ.

ಟೈರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅದರ ಬದಿಯ ಗೋಡೆ ನೋಡಿ. ಅಂಚಿನ ಹತ್ತಿರ ಒಂದು ಪುಟ್ಟ ತ್ರಿಕೋನದ ಗುರುತೋ, ಟಿಡಬ್ಲ್ಯುಐ ಎಂಬ ಅಕ್ಷರಗಳೋ ಇರುತ್ತವೆ. ಅದರ ನೇರಕ್ಕೆ ಟೈರಿನ ಗೀರಿನೊಳಗೆ ಬೆರಳು ಹಾಕಿದರೆ ಅಡ್ಡಲಾಗಿ ಒಂದು ಸಣ್ಣ ದಿಬ್ಬ ಸಿಗುತ್ತದೆ. ಟೈರಿನ ಮೇಲ್ಮೈ ಸವೆದು ಆ ದಿಬ್ಬಕ್ಕೆ ಸಮ ಬಂದರೆ ಉಳಿದಿರುವುದು 1.6 ಮಿಲಿಮೀಟರ್ ಎಂದರ್ಥ. ಕಾರಿಗೆ ನಿಯಮದ ಪ್ರಕಾರ ಅದೇ ಕೊನೆ. ಮಲೆನಾಡಿನ ಮಳೆಗೆ ಅದೂ ಸಾಲದು. ಗೀರು ಸವೆದ ಟೈರು ನೀರನ್ನು ಪಕ್ಕಕ್ಕೆ ತಳ್ಳಲಾರದು, ನೀರಿನ ಮೇಲೆ ತೇಲುತ್ತದೆ. ಆಗ ಸ್ಟಿಯರಿಂಗ್ ಹಗುರಾಗುತ್ತದೆ, ಬ್ರೇಕಿಗೆ ಹಿಡಿತ ಸಿಗುವುದಿಲ್ಲ. ಜೂನ್ ಬರುವ ಮೊದಲೇ ಬದಲಾಯಿಸಿ ಎಂಬುದು ನನ್ನ ಸಲಹೆ.

ಹಾಗೆಯೇ ಅದೇ ಬದಿಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 2319 ಎಂದಿದ್ದರೆ ಆ ಟೈರು 2019ರ 23ನೆಯ ವಾರ ತಯಾರಾದದ್ದು. ಮನೆಯಲ್ಲಿ ನಿಂತೇ ಇರುವ ಕಾರುಗಳ ಟೈರು ಸವೆಯದೆಯೇ ಹಳತಾಗುತ್ತವೆ, ರಬ್ಬರ್ ಗಟ್ಟಿಯಾಗಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದು, ಊರಿನಲ್ಲಿ ಅಪ್ಪ ಅಮ್ಮನಿಗೆಂದು ಕೊಡಿಸಿದ ಕಾರು ಟಾರ್ಪಾಲಿನ ಕೆಳಗೆ ನಿಂತಿರುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಆ ಕಾರನ್ನು ವಾರಕ್ಕೊಮ್ಮೆಯಾದರೂ ಒಂದರ್ಧ ಗಂಟೆ ಓಡಿಸಿ. ಬ್ಯಾಟರಿ ಉಳಿಯುತ್ತದೆ, ಬಾನೆಟ್ಟಿನೊಳಗೆ ಇಲಿ ಗೂಡು ಕಟ್ಟಿ ವೈರು ಕಡಿಯುವುದೂ ತಪ್ಪುತ್ತದೆ. ಗಾಳಿ ಎಷ್ಟಿರಬೇಕು ಎಂಬುದು ಡ್ರೈವರ್ ಬಾಗಿಲಿನ ಚೌಕಟ್ಟಿನ ಮೇಲೆ ಬರೆದಿರುತ್ತದೆ. ಟೈರು ತಣ್ಣಗಿರುವಾಗ ಹಿಡಿಸಿ. ಸ್ಟೆಪ್ನಿಗೂ ಹಿಡಿಸಿ.

ಘಾಟಿ ಇಳಿಯುವ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ಕ್ಷಮಿಸಿ. ಸಕಲೇಶಪುರದಿಂದ ಗುಂಡ್ಯದ ಕಡೆಗೆ ಶಿರಾಡಿ ಇಳಿಯುವಾಗ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್‌ಗೆ ಹಾಕಿ ಬಿಡುವವರು ಈಗಲೂ ಇದ್ದಾರೆ. ಉಳಿಯುವುದಿಲ್ಲ. ಈಗಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಇಳಿದರೆ ಎಂಜಿನ್ ಇಂಧನವನ್ನೇ ನಿಲ್ಲಿಸಿಬಿಡುತ್ತದೆ, ಗಾಲಿಗಳೇ ಅದನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಉರಿಯುತ್ತಿರಲು ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ. ಖರ್ಚೂ ಆಗುತ್ತದೆ, ಗಾಡಿಯ ಭಾರವೆಲ್ಲ ಬ್ರೇಕಿನ ಮೇಲೂ ಬೀಳುತ್ತದೆ.

ಬ್ರೇಕ್ ಕಾದರೆ ಏನಾಗುತ್ತದೆ? ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ನಿಧಾನವಾಗಿ ಹೀರಿಕೊಳ್ಳುವ ಗುಣದ್ದು. ವರ್ಷಗಟ್ಟಲೆ ಬದಲಾಯಿಸದಿದ್ದರೆ ಅದರಲ್ಲಿ ನೀರಿನಂಶ ಸೇರಿ ಕುದಿಯುವ ಮಟ್ಟ ಇಳಿಯುತ್ತದೆ. ಮೈಲುಗಟ್ಟಲೆ ಬ್ರೇಕ್ ಒತ್ತಿಕೊಂಡೇ ಇಳಿದರೆ ಆಯಿಲ್ ಕುದಿದು ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ಆವಿ ಒತ್ತಿದರೆ ಒತ್ತಿಕೊಳ್ಳುತ್ತದೆ. ಪೆಡಲ್ ನೆಲದವರೆಗೆ ಹೋದರೂ ಗಾಡಿ ನಿಲ್ಲುವುದಿಲ್ಲ. ಹೀಗೆ ಕಂದಕದ ಅಂಚಿನ ತಡೆಗೋಡೆಗೆ ಒರಗಿ ನಿಂತ ಕಾರುಗಳನ್ನು ನೋಡಿದ್ದೇನೆ. ಚಕ್ರದ ಹತ್ತಿರ ಹೋದರೆ ಸುಟ್ಟ ವಾಸನೆ, ಡಿಸ್ಕು ನೀಲಿಗಟ್ಟಿರುತ್ತದೆ. ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ನಮ್ಮ ಊರಿನ ಹಳೆಯ ಲಾರಿ ಡ್ರೈವರುಗಳು ಹೊಸ ಹುಡುಗರಿಗೆ ಹೇಳುತ್ತಿದ್ದ ಮಾತು: "ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ." ಎರಡನೇ ಗೇರು, ಮೂರನೇ ಗೇರು, ತಿರುವಿಗೆ ಮುಂಚೆ ಮಾತ್ರ ಬ್ರೇಕು. ಆಟೋಮ್ಯಾಟಿಕ್ ಗಾಡಿಯವರು ಲೋ ಅಥವಾ ಮ್ಯಾನ್ಯುವಲ್‌ಗೆ ಹಾಕಿಕೊಳ್ಳಿ. ಪೆಡಲ್ ಮೆತ್ತಗಾಯಿತು ಅನಿಸಿದರೆ ಅಗಲವಿದ್ದ ಕಡೆ ನಿಲ್ಲಿಸಿ, ತಾನಾಗಿ ಆರಲು ಬಿಡಿ. ಕಾದ ಚಕ್ರಕ್ಕೆ ನೀರು ಸುರಿಯಬೇಡಿ.

ನೀರಿನ ಮಾತು ಬಂದಾಗ 2022ರ ಸೆಪ್ಟೆಂಬರ್ ನೆನಪಾಗುತ್ತದೆ. ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರಿನ ಬಡಾವಣೆಗಳಲ್ಲಿ ಕಾರುಗಳು ಕಿಟಕಿ ಮಟ್ಟಕ್ಕೆ ಮುಳುಗಿ ನಿಂತಿದ್ದವು. ನೀರು ಇಳಿದ ಮೇಲೆ ಜನ ಮಾಡುವ ಮೊದಲ ಕೆಲಸ ಸೆಲ್ಫ್ ಹೊಡೆದು ನೋಡುವುದು. ದಯವಿಟ್ಟು ಹಾಗೆ ಮಾಡಬೇಡಿ. ಏರ್ ಫಿಲ್ಟರ್ ಮೂಲಕ ನೀರು ಸಿಲಿಂಡರಿಗೆ ಹೋಗಿರುತ್ತದೆ. ಗಾಳಿಯನ್ನು ಪಿಸ್ಟನ್ ಒತ್ತಬಲ್ಲದು, ನೀರನ್ನು ಒತ್ತಲಾರದು. ಹಾಗಾಗಿ ಪಿಸ್ಟನ್ನನ್ನು ಹಿಡಿದ ಕನೆಕ್ಟಿಂಗ್ ರಾಡೇ ಬಾಗುತ್ತದೆ. ಬರೀ ಮುಳುಗಿದ ಕಾರಿಗೆ ಪಾಲಿಸಿಯಲ್ಲಿ ಪರಿಹಾರ ಉಂಟು. ಮುಳುಗಿದ ಮೇಲೆ ಸ್ಟಾರ್ಟ್ ಮಾಡಿ ಎಂಜಿನ್ ಕೆಟ್ಟರೆ, ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ತೆಗೆದುಕೊಳ್ಳದವರಿಗೆ ಅದು ಸಾಮಾನ್ಯವಾಗಿ ಸಿಗುವುದಿಲ್ಲ. ಬ್ಯಾಟರಿಯ ಸಂಪರ್ಕ ತೆಗೆಸಿ, ಫೋಟೋ ತೆಗೆದುಕೊಂಡು, ಕಂಪನಿಗೆ ತಿಳಿಸಿ, ಟೋ ಮಾಡಿಸಿ. ಕೀಲಿ ತಿರುಗಿಸುವುದು ಮಾತ್ರ ಬೇಡ.

ಪರಿಹಾರ ಕೊಡುವಾಗ ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಟೈರುಗಳಿಗೆ ಅರ್ಧ ಬೆಲೆ ಕಡಿಯುವುದು ಸಾಮಾನ್ಯ ಪಾಲಿಸಿಯ ನಿಯಮ. ಈಗಿನ ಕಾರಿನ ಬಂಪರುಗಳೆಲ್ಲ ಪ್ಲಾಸ್ಟಿಕ್ಕೇ. ಹಾಗಾಗಿ ಕಾರು ಹೊಸದಾಗಿರುವ ಮೊದಲ ವರ್ಷಗಳಲ್ಲಿ ಈ ಕಡಿತ ತಪ್ಪಿಸುವ ಜೀರೋ ಡೆಪ್ರಿಸಿಯೇಷನ್, ಜನ ಬಂಪರ್ ಟು ಬಂಪರ್ ಎನ್ನುವುದನ್ನು, ತೆಗೆದುಕೊಳ್ಳುವುದು ಒಳ್ಳೆಯದು.

ಏನೇ ಎಚ್ಚರ ವಹಿಸಿದರೂ ಅಪಘಾತ ಆಗಿಯೇ ಹೋಯಿತು ಅನ್ನಿ. ಆಗ ಕಾರು ನೋಡಬೇಡಿ, ಮನುಷ್ಯರನ್ನು ನೋಡಿ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಚಾಲಕರ ಕರ್ತವ್ಯ ಎಂದು ಮೋಟಾರು ವಾಹನ ಕಾಯಿದೆಯ 134ನೆಯ ಕಲಂ ಹೇಳುತ್ತದೆ. 108ಕ್ಕೆ ಕರೆ ಮಾಡಿ. ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದು ಕಟ್ಟದೆ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಿನಿಂದ ಇದೆ. ಗುದ್ದಿದ ಗಾಡಿ ಓಡಿಹೋಗಿ ಪತ್ತೆಯಾಗದಿದ್ದರೂ ಸತ್ತವರ ಮನೆಯವರಿಗೆ 2 ಲಕ್ಷ, ತೀವ್ರ ಗಾಯವಾದವರಿಗೆ 50,000 ರೂಪಾಯಿ ಪರಿಹಾರಕ್ಕೆ ಅರ್ಜಿ ಹಾಕಬಹುದು. ಹಳ್ಳಿಯ ಎಷ್ಟೋ ಮನೆಗಳಿಗೆ ಇದು ತಿಳಿದೇ ಇಲ್ಲ. ನಿಮಗೆ ತಿಳಿದವರಿದ್ದರೆ ಹೇಳಿ. ಬೇರೆಯವರ ಅಪಘಾತದಲ್ಲಿ ನೆರವಿಗೆ ಹೋಗಲು ಹೆದರಬೇಡಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಹೆಸರು ಹೇಳಿ, ಸಾಕ್ಷಿ ಹೇಳಿ ಎಂದು ಬಲವಂತ ಮಾಡುವಂತಿಲ್ಲ, ಕಾನೂನೇ ಅವರನ್ನು ಕಾಯುತ್ತದೆ.

ಕಂಪನಿಗೆ ಆದಷ್ಟು ಬೇಗ ತಿಳಿಸಿ. ನಡೆದದ್ದನ್ನು ನಡೆದಂತೆಯೇ ಬರೆಯಿರಿ. ಸರ್ವೇಯರ್ ನೋಡುವ ಮುಂಚೆ ಕಾರನ್ನು ಬಿಚ್ಚಿಸಬೇಡಿ.

ಆ ಮೇಷ್ಟ್ರು ಈಗಲೂ ಅದೇ ಕಾರು ಓಡಿಸುತ್ತಾರೆ. ಹೋದ ವರ್ಷ ಸಿಕ್ಕಾಗ ಜೇಬಿನಿಂದ ಸಣ್ಣ ಕ್ಯಾಲೆಂಡರ್ ತೆಗೆದು ತೋರಿಸಿದರು. ಡಿಎಲ್, ಎಮಿಷನ್ ಟೆಸ್ಟು, ಥರ್ಡ್ ಪಾರ್ಟಿ, ಸ್ವಂತ ಹಾನಿ, ಬ್ರೇಕ್ ಆಯಿಲ್, ಇಷ್ಟಕ್ಕೂ ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಂಡಿದ್ದಾರೆ. ಮೂರು ವರ್ಷದೊಳಗಿನ ಕಾರು ಇರುವ ಕೇಳುಗರು ಈ ಕಾರ್ಯಕ್ರಮ ಮುಗಿದ ಕೂಡಲೇ ಪಾಲಿಸಿಯ ಮೊದಲ ಪುಟ ತೆಗೆದು ನೋಡಿ. ಅಲ್ಲಿ ಎರಡು ತಾರೀಖು ಇರುತ್ತವೆ. ಮೊದಲು ಮುಗಿಯುವುದು ಯಾವುದೆಂದು ಇವತ್ತೇ ಬರೆದಿಟ್ಟುಕೊಳ್ಳಿ.